ಮೈದುನ ಉಜ್ಜಿ ತೆಗೆದ ಕಲೆ

ಸಂಜೆ ಆರು ಗಂಟೆ. ಇಡೀ ದಿನ ಬೆಂಗ್ರೆಯಲ್ಲಿ ನಮ್ಮ ಮೀನುಗಾರಿಕೆ ಬೋಟಿನ ಕ್ಯಾಬಿನ್ ತೊಳೆಯುವುದರಲ್ಲೇ ಕಳೆಯಿತು. ನನ್ನ ಗಂಡ ತೀರಿಕೊಂಡ ಮೇಲೆ ಮಳೆಗಾಲವಿಡೀ ಅದನ್ನು ಯಾರೂ ತೆರೆದಿರಲಿಲ್ಲ. ಒಳಗೆಲ್ಲ ಬೂಷ್ಟು ಹಿಡಿದಿತ್ತು.

ಮೈದುನ ಸುರೇಶ ಸಹಾಯಕ್ಕೆ ಬಂದಿದ್ದ. ಸ್ಟೇರಿಂಗಿನ ಹಿಂದಿನ ಹಲಗೆಯನ್ನು ಮಾತ್ರ ಮುಟ್ಟಬೇಡ ಎಂದು ಅವನಿಗೆ ಎರಡು ಸಲ ಹೇಳಿದ್ದೆ. ನಾನು ಚಹಾ ತರುವಷ್ಟರಲ್ಲಿ ಬ್ಲೀಚಿಂಗ್ ಪೌಡರ್ ಹಾಕಿ ಅದನ್ನೂ ಉಜ್ಜಿಬಿಟ್ಟಿದ್ದ.

“ಎಂತ ಗಟ್ಟಿ ಬೂಷ್ಟು ಅತ್ತಿಗೆ. ಅರ್ಧ ಗಂಟೆ ಬೇಕಾಯ್ತು.”

“ಅದು ಬೂಷ್ಟಲ್ಲ ಮಾರಾಯ. ನಿನ್ನ ಅಣ್ಣ ಬೋಟ್ ನಡೆಸುವಾಗ ದಿನಾ ತಲೆ ಒರಗಿಸ್ತಿದ್ದ ಜಾಗ. ತೆಂಗಿನೆಣ್ಣೆಯ ಕಲೆ ಅದು.”

ಅವನು ಕೈಯಲ್ಲಿದ್ದ ಬ್ರಷ್ ಕೆಳಗಿಟ್ಟ. “ಮೊದಲೇ ಹೇಳ್ಬಹುದಿತ್ತಲ್ಲ?”

“ಮುಟ್ಟಬೇಡ ಅಂತ ಹೇಳಿದ್ದು ಮತ್ತೆ ಎಂತಕ್ಕೆ?”

“ನನಗೆ ಕಷ್ಟ ಆಗ್ತದೆ ಅಂತ ನೀವು ಸಂಕೋಚದಲ್ಲಿ ಹೇಳಿದ್ದು ಅಂತ ಗ್ರಹಿಸಿದೆ.”

ಏನು ಹೇಳುವುದು ಸ್ನೇಹಿತರೇ? ಹಲಗೆ ಈಗ ಹೊಸದರಂತೆ ಬೆಳ್ಳಗಿದೆ. ಮೇಲೆ ಕ್ಯಾಬಿನ್ನಿನ ಮಾಡಿನ ಮೂಲೆಯಲ್ಲಿ ನಿಜವಾದ ಬೂಷ್ಟು ಹಾಗೆಯೇ ಉಳಿದಿದೆ. ಅಲ್ಲಿಗೆ ಅವನ ಕೈ ಎಟಕಲಿಲ್ಲವಂತೆ.

ನಾಳೆ ಬೆಳಿಗ್ಗೆ ಬೋಟ್ ನಡೆಸಲು ಹೊಸ ತಂಡೇಲ ಬರುತ್ತಾರೆ.