ಕ್ಯಾಮೆರಾ ಚೀಲದಲ್ಲಿ ಉಡಿಯಕ್ಕಿ

ಮೈಸೂರು ಬಿಟ್ಟು ಬೆಳಗಾವಿಗೆ ಬಂದು ನಾಲ್ಕು ವರ್ಷವಾಯಿತು. ಸದಾಶಿವನಗರದ ಬಾಡಿಗೆ ಮನೆಯಲ್ಲಿ ನೆಮ್ಮದಿಯಾಗಿದ್ದರೂ ಅಮ್ಮನ ಪಾಲಿಗೆ ನಾನು ಪರದೇಶದಲ್ಲಿದ್ದೇನೆ. "ಅಲ್ಲಿಯವರು ನಿನ್ನ ಜೊತೆ ಮಾತಾಡ್ತಾರೇನೇ?" ಎಂದು ಈಗಲೂ ಫೋನಿನಲ್ಲಿ ಕೇಳುತ್ತಾರೆ. ಮಾತಾಡುವುದೇನು, ತಿನ್ನಿಸದೆ ಬಿಡುವುದಿಲ್ಲ. ನನ್ನ ಫೋಟೋಗ್ರಫಿ ಕೆಟ್ಟದ್ದೇ ಅದರಿಂದ.

ಮೈಸೂರಿನ ಗೆಳತಿಯರು ದುಡಿಯುವ ಕೈಗಳ ಬಗ್ಗೆ ಒಂದು ಚಿತ್ರಪ್ರದರ್ಶನ ಇಟ್ಟುಕೊಂಡಿದ್ದರು. ಯಾರು ಬೇಕಾದರೂ ಕಳಿಸಬಹುದಿತ್ತು. ಬೆಳಗಾವಿಯ ಚಿತ್ರ ನನ್ನ ಜವಾಬ್ದಾರಿ ಎಂದು ಜಂಬ ಕೊಚ್ಚಿಕೊಂಡೆ. ವಡಗಾವಿಯ ನೇಕಾರರ ಮನೆಗೆ ಹೋದರೆ ನನ್ನನ್ನು ಕಂಡದ್ದೇ ಮಗ್ಗ ನಿಂತಿತು. ಇಸ್ತ್ರಿ ಅಂಗಿ ಹೊರಬಂತು. ಏಳು ಜನ ಸಾಲಾಗಿ ನಿಂತು ಆಧಾರ್ ಕಾರ್ಡಿನ ಮುಖ ಮಾಡಿದರು. ನಾನು ಅವಲಕ್ಕಿ ತಿಂದು ವಾಪಸು ಬಂದೆ.

ಚಿತ್ರ ಕಳಿಸಬೇಕಾದ ಕೊನೆಯ ದಿನ ಖಾನಾಪುರದ ಬಸ್ಸು ಹತ್ತಿದೆ. ನಮ್ಮ ಆಫೀಸಿನ ಸಹೋದ್ಯೋಗಿಯೊಬ್ಬರ ಮಾವ ಅಲ್ಲಿ ಕುಂಬಾರರು. ದಾರಿಯುದ್ದಕ್ಕೂ ಬ್ಯಾಟರಿ, ಬೆಳಕು, ಮರಳುವ ಬಸ್ಸು, ಅಸಿಡಿಟಿ ಎಲ್ಲದರ ಚಿಂತೆಯನ್ನೂ ಸರದಿಯ ಮೇಲೆ ಮಾಡಿದೆ.

ಅಂಗಳದಲ್ಲಿ ಆತ ಚಕ್ರದ ಮುಂದೆ ಕೂತಿದ್ದರು. ಮೊಣಕೈವರೆಗೆ ಮಣ್ಣು. ಇದಕ್ಕಿಂತ ಏನು ಬೇಕು! ಕ್ಯಾಮೆರಾ ತೆಗೆಯುವಷ್ಟರಲ್ಲಿ ಅವರು ಎದ್ದು ನಲ್ಲಿಯತ್ತ ನಡೆದೇಬಿಟ್ಟರು.

"ಅಯ್ಯೋ, ಕೈ ತೊಳೀಬೇಡಿ! ಮಣ್ಣಿನ ಕೈಯೇ ಬೇಕು ನನಗೆ."

"ಭಾರಿ ಅದೀರಿ ಬಾಯಾರ! ನೋಡಿದ ಮಂದಿ ಏನಂದಾರು? ಇವನ ಮನ್ಯಾಗ ಕೈ ತೊಳಕೊಳ್ಳಾಕ ನೀರಿಲ್ಲೇನು ಅಂತಾರ."

ಒಳಗಿನಿಂದ ಅವರ ಹೆಂಡತಿ ಬಂದರು. "ಚಹಾ ಕುಡೀಲಾರದ ಎಂಥಾ ಫೋಟೋರಿ ಅಕ್ಕಾರ? ಮೊದಲ ಕುಂದರ್ರಿ."

ಕುಂತೆ. ಚಹಾ, ರೊಟ್ಟಿ, ಬದನೆಕಾಯಿ ಪಲ್ಯ, ಮತ್ತೆ ಚಹಾ. ಆಮೇಲೆ ಗಂಡ ಟೋಪಿ ಹಾಕಿಕೊಂಡು, ಹೆಂಡತಿ ಹೊಸ ಸೀರೆ ಉಟ್ಟುಕೊಂಡು ಗೋಡೆಗೆ ಒರಗಿ ನಿಂತರು. ನಾಲ್ಕು ಕೈಗಳೂ ಫಳಫಳ. ಸೋತು ಕ್ಲಿಕ್ಕಿಸಿ, ಹೊರಡಲು ಎದ್ದೆ.

"ಖಾಲಿ ಉಡಿಲೆ ಹೆಂಗ ಹೊಕ್ಕೀರಿ? ತಡೀರಿ," ಎಂದು ಆಕೆ ಮೊರದಲ್ಲಿ ಅಕ್ಕಿ, ಕಾಯಿ, ಕುಬಸದ ಬಟ್ಟೆ ತಂದರು. ಮನೆಗೆ ಬಂದ ಮುತ್ತೈದೆಯ ಉಡಿಗೆ, ಅಂದರೆ ಸೆರಗಿನ ಮಡಿಲಿಗೆ, ಇವನ್ನು ತುಂಬಿ ಕಳಿಸುವುದು ಇಲ್ಲಿನ ಪದ್ಧತಿ. ನಾನೋ ಚೂಡಿದಾರದಲ್ಲಿದ್ದೆ. ಕ್ಯಾಮೆರಾಕ್ಕೆ ಸಿಕ್ಕಿಕೊಳ್ಳುತ್ತದೆಂದು ದುಪಟ್ಟಾ ಕೂಡ ಮನೆಯಲ್ಲೇ ಬಿಟ್ಟಿದ್ದೆ.

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಉಡೀನ ಇಲ್ಲಲ್ಲರಿ ನಿಮಗ! ಇರಲಿ, ಆ ಚೀಲಾನ ಹಿಡೀರಿ."

"ಇದರಲ್ಲಿ ಲೆನ್ಸ್ ಇದೆ..."

"ಇರಲಿ ಬಿಡ್ರಿ, ಅದಕ್ಕೂ ಒಳ್ಳೇದಾಗಲಿ. ಎರಡೂ ಕೈಲೆ ಹಿಡೀರಿ, ಒಂದ ಕೈಲೆ ಹಿಡೀಬಾರದು."

ಎರಡೂ ಕೈಯಿಂದ ಕ್ಯಾಮೆರಾ ಚೀಲ ಅಗಲಿಸಿ ಹಿಡಿದೆ. ಆಕೆ ಬೊಗಸೆ ತುಂಬ ಅಕ್ಕಿ ಸುರಿದರು. ಆಗ ಕಂಡದ್ದು: ಎಷ್ಟು ತೊಳೆದರೂ ಹೋಗದೆ ಉಳಿದ ಉಗುರಂಚಿನ ಕೆಂಪು ಮಣ್ಣು, ಬಳೆಗಳ ಸಂದಿಯಲ್ಲಿ ಒಣಗಿದ ಜೇಡಿ, ಬೆರಳ ಸಂದಿನಿಂದ ಇಳಿಯುವ ಬಿಳಿ ಅಕ್ಕಿ. ನಾನು ಹುಡುಕಿಕೊಂಡು ಬಂದ ಚಿತ್ರ ನನ್ನ ಮೂಗಿನ ಕೆಳಗೇ ಇತ್ತು. ಕ್ಯಾಮೆರಾ ನನ್ನ ಕೊರಳಲ್ಲಿತ್ತು. ಕೈ ಮಾತ್ರ ಖಾಲಿ ಇರಲಿಲ್ಲ.

"ಯಜಮಾನ್ರೇ, ದಮ್ಮಯ್ಯ, ಇದನ್ನು ಒತ್ತಿ!" ಎಂದು ಕೊರಳು ಚಾಚಿದೆ.

ಅವರು ಕ್ಯಾಮೆರಾ ಎತ್ತಿದರು. ಪಟ್ಟಿ ನನ್ನ ಕೊರಳಲ್ಲೇ ಇದ್ದದ್ದರಿಂದ ನಾನೂ ಎತ್ತಿನಂತೆ ಜೊತೆಗೆ ಎಳೆಯಲ್ಪಟ್ಟೆ.

"ಅಲುಗಾಡಬ್ಯಾಡ್ರಿ ಬಾಯಾರ, ಇತ್ತಾಗ ನೋಡ್ರಿ, ಸ್ವಲ್ಪ ನಗ್ರಿ!"

"ನನ್ನ ಮುಖ ಅಲ್ಲ, ಕೈ! ಕೈ!"

"ಐದನೇ ಬೊಗಸಿ ಬಂತ, ಇದ ಕಡೀದು, ಲಗೂನ ಹೊಡೀರಿ," ಎಂದು ಹೆಂಡತಿ ಗದರಿದರು. ಕ್ಲಿಕ್.

ಬಸ್ಸಿನಲ್ಲಿ ಕೂತು ನೋಡಿದೆ. ನನ್ನ ಮುಖ ಗಲ್ಲದವರೆಗೂ ಕತ್ತರಿಸಿಹೋಗಿತ್ತು, ಪುಣ್ಯ. ಉಳಿದದ್ದು ಆಕೆಯ ಮಣ್ಣಿನುಗುರು, ಗಾಳಿಯಲ್ಲಿ ನಿಂತ ಅಕ್ಕಿ, ಕೆಳಗೆ ಚೀಲ ಹಿಡಿದ ನನ್ನ ಹೆದರಿದ ಕೈಗಳು. ಚೀಲದಲ್ಲಿದ್ದ ಲೆನ್ಸ್ ತಿರುಗಿಸಿದರೆ ಅಕ್ಕಿನುಚ್ಚು ಸಿಕ್ಕಿ ಕರಕರ ಎನ್ನುತ್ತಿತ್ತು. ಕಳಿಸುವ ಮುನ್ನ ಒಂದು ಚಿಂತೆ ಉಳಿದಿತ್ತು. ಫೋನ್ ಮಾಡಿದೆ.

"ಯಜಮಾನ್ರೇ, ಫೋಟೋ ತೆಗೆದವರು ಅಂತ ನಿಮ್ಮ ಹೆಸರೇ ಹಾಕ್ತೀನಿ. ಆಗಬಹುದಾ?"

ಆಚೆಯಿಂದ ತೃಪ್ತಿಯ ದನಿ ಬಂತು: "ಹಂಗಾದ್ರ ಕೈ ತೊಳಕೊಂಡಿದ್ದು ಛಲೋ ಆತ ನೋಡ್ರಿ."