ಭಂಡಾರ ಹಚ್ಚಿದ ಬಾಟಲಿ

ಚಿಂಚಲಿಯ ದೇವಿ ಮಾಯಕ್ಕನನ್ನು ನಂಬಿದ ಎಲ್ಲ ಬಂಧುಗಳಿಗೆ ದಿಗ್ಗೇವಾಡಿಯಿಂದ ನನ್ನ ಶರಣು. ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ನಮ್ಮ ಮನೆಯವರ ಗಲ್ಲದ ಒಳಗೆ ಒಂದು ಹುಣ್ಣಾಯಿತು. ತಂಬಾಕು ಬಿಡಿರೆಂದು ಎಷ್ಟು ವರ್ಷ ಬಡಕೊಂಡಿದ್ದೆ! ಕೇಳಿದ್ದರೆ ತಾನೆ?

ಆಸ್ಪತ್ರೆಯಲ್ಲಿ ಹುಣ್ಣಿನ ಚೂರೊಂದನ್ನು ತೆಗೆದು, ಔಷಧದ ಸಣ್ಣ ಬಾಟಲಿಗೆ ಹಾಕಿ, ಮೇಲೆ ಹೆಸರು ಬರೆದು ನನ್ನ ಕೈಗೆ ಕೊಟ್ಟರು. "ಲ್ಯಾಬಿಗೆ ಕೊಡ್ರಿ. ಕ್ಯಾನ್ಸರ್ ಹೌದೋ ಅಲ್ಲೋ ಅಲ್ಲೇ ಗೊತ್ತಾಗ್ತೈತಿ" ಎಂದರು. ಸೆರಗಿನ ಗಂಟಿನಲ್ಲಿದ್ದ ಮಾಯಕ್ಕ ತಾಯಿಯ ಭಂಡಾರ, ಆ ಅರಿಶಿನದ ಪುಡಿಯನ್ನು ನೀರಲ್ಲಿ ಕಲಸಿ ಬಾಟಲಿಗೆಲ್ಲ ಬಳಿದು ಕೊಟ್ಟೆ.

ಲ್ಯಾಬಿನಲ್ಲಿ ಒಬ್ಬಳೇ ಹುಡುಗಿ. "ಎಂಟ ದಿನ ಬಿಟ್ಟ ಬರ್ರಿ ಅಕ್ಕಾರ. ನೋಡಿ ಹೇಳೋ ಡಾಕ್ಟರ ಜಾಗಾ ಖಾಲಿ ಐತಿ, ನಾ ಒಬ್ಬಾಕಿನ ಅದೀನಿ" ಎಂದಳು.

ಎಂಟು ದಿನ ಹೋಗಿ ಐದು ವಾರವಾಯಿತು. ಪ್ರತಿ ಮಂಗಳವಾರ ಎಮ್ಮೆಗಳಿಗೆ ಮೇವು ಹಾಕಿ, ರಾಯಬಾಗದಲ್ಲಿ ಬಸ್ಸು ಬದಲಿಸಿ ಲ್ಯಾಬಿಗೆ ಹೋಗುವುದು, ಬರಿಗೈಲಿ ಬರುವುದು. ಹಾಲಲ್ಲಿ ನೆನೆಸಿದ ರೊಟ್ಟಿಯೂ ಅವರಿಗೆ ನುಂಗಲಾಗುತ್ತಿರಲಿಲ್ಲ.

"ಏನೈತಿ ಅಂತ ಒಮ್ಮೆ ಹೇಳಿಬಿಡ್ಲಿ. ಹಿಂಗ ಕಾಯೂದು ನನ್ನ ಕೈಲೆ ಆಗವಲ್ದು" ಎಂದು ಅವರು ಗೋಡೆ ಕಡೆ ಮುಖ ಮಾಡಿ ಮಲಗಿದರು.

ನಾನು ಚಿಂಚಲಿಗೆ ಓಡಿದೆ. ಅಲ್ಲಿಯವರೆಗೂ ರೋಗ ಬೇಡವೆಂದು ಬೇಡಿದ್ದೆ. ಅಂದು, "ಏನರ ಇರ್ಲಿ ತಾಯೀ, ನೋಡಾಕ ಒಬ್ಬರನ್ನ ಕಳಸವ್ವಾ" ಎಂದು ಹೊಸ್ತಿಲಿಗೆ ಹಣೆ ಹಚ್ಚಿ ಅತ್ತೆ.

ಮುಂದಿನ ಮಂಗಳವಾರ ಲ್ಯಾಬಿನಲ್ಲಿ ಖಾಲಿಯಿದ್ದ ಡಾಕ್ಟರ ಕುರ್ಚಿಯಲ್ಲಿ ಹೊಸ ಲೇಡಿ ಡಾಕ್ಟರ್ ಕೂತಿದ್ದರು! ಆ ಹುಡುಗಿಯ ಜೊತೆಗೆ ಇನ್ನೊಬ್ಬಳೂ ಬಂದಿದ್ದಳು. ಮೂವರೂ ನಮ್ಮ ಬಾಟಲಿ ಹುಡುಕಿದರು. ಕೊನೆಗೆ ಹೆಸರು ಕಾಣದೆ ಪಕ್ಕಕ್ಕಿಟ್ಟ ಬಾಟಲಿಗಳಲ್ಲಿ ಹಳದಿಯದೊಂದು ಸಿಕ್ಕಿತು. ಭಂಡಾರದ ಕೆಳಗೆ ಹೆಸರೇ ಮುಚ್ಚಿಹೋಗಿತ್ತು.

"ತಪ್ಪ ನಂದರಿ ಬಾಯಾರ, ನಾನ ಬಳದೀನಿ" ಎಂದೆ.

ಡಾಕ್ಟರ್ ಬಟ್ಟೆಯಿಂದ ಮೆಲ್ಲಗೆ ಒರೆಸಿದರು. ನಮ್ಮವರ ಹೆಸರು ಕಂಡಿತು. "ಅಳಬ್ಯಾಡ್ರಿ ಅಕ್ಕಾರ. ಒರಸಿ ನೋಡಾಕ ಇಲ್ಲಿ ಇನ್ನೊಂದ ಕೈ ಇರಲಿಲ್ಲ, ಅಷ್ಟ."

ಆ ವಾರವೇ ರಿಪೋರ್ಟ್ ಬಂತು. ಕ್ಯಾನ್ಸರೇ. ಆದರೆ ಇನ್ನೂ ಗಲ್ಲ ದಾಟಿರಲಿಲ್ಲ. ಬೆಳಗಾವಿಯಲ್ಲಿ ಆಪರೇಷನ್ ಆಯಿತು. ಈಗ ಅವರು ಒಂದು ಪಕ್ಕದಲ್ಲಿ ಅಗಿದು ರೊಟ್ಟಿ ತಿನ್ನುತ್ತಾರೆ, ಖಾರ ಕಡಿಮೆಯಾಯಿತೆಂದು ಜಗಳವನ್ನೂ ಆಡುತ್ತಾರೆ. ಆ ಜಗಳವೂ ತಾಯಿ ಕೊಟ್ಟದ್ದೇ.

ಚಿಂಚಲಿಗೆ ಹೋದಾಗ ಈಗ ಭಂಡಾರವನ್ನು ಅವರ ಹಣೆಗಷ್ಟೇ ಹಚ್ಚುತ್ತೇನೆ. ಲ್ಯಾಬಿನ ಹೊರಗಿನ ಬೆಂಚಿನಲ್ಲಿ ಇವತ್ತೂ ನನ್ನಂಥವರು ಬಾಟಲಿ ಹಿಡಿದು ಕೂತಿರುತ್ತಾರೆ. ಅದಕ್ಕೇ ನಮ್ಮವರ ಹೆಸರು ಹೇಳಿ ಬೇಡುವ ಮೊದಲು ತಾಯಿಗೆ ಹೇಳುತ್ತೇನೆ: ಆ ಕುರ್ಚಿ ಖಾಲಿ ಬಿಡಬೇಡವ್ವಾ.