ಮುಸುಕಿನ ರಾಣಿಯ ಪೌನುಗಳು

ನಮ್ಮ ರಂಗನಾಯಕಿ ಅತ್ತೆ ಮದ್ದೂರಿನ ಬೀದಿ ದಾಟಿ ಆಚೆ ಹೋದದ್ದೇ ಕಡಿಮೆ. ಅಂಥವಳು ಲಂಡನ್ನಿನ ದುಡ್ಡನ್ನು ಬ್ಯಾಂಕಿಗಿಂತ ಅಗ್ಗವಾಗಿ ಸಂಪಾದಿಸುವ ದಾರಿ ಕಂಡುಕೊಂಡಳು ಎಂದರೆ ನಮ್ಮ ಬಂಧುಗಳೇ ನಂಬುವುದಿಲ್ಲ. ನಂಬದಿದ್ದರೆ ಅಷ್ಟೇ ಹೋಯಿತು. ಆ ಎರಡು ವರ್ಷ ನಾನು ಅದೇ ಮನೆಯಲ್ಲಿದ್ದೆ, ಎಲ್ಲವನ್ನೂ ಕಣ್ಣಾರೆ ಕಂಡಿದ್ದೇನೆ.

ಅತ್ತೆ ನನ್ನ ತಂದೆ ವರದರಾಜ ಮೇಷ್ಟ್ರ ಅಕ್ಕ. ಮಳವಳ್ಳಿಗೆ ಕೊಟ್ಟಿದ್ದರು. ಗಂಡ ತೀರಿಕೊಂಡಾಗ ಅವಳಿಗಿನ್ನೂ ಇಪ್ಪತ್ತು ತುಂಬಿತ್ತಷ್ಟೆ. ತಲೆ ಬೋಳಿಸಿ, ಸೆರಗು ಹೊದಿಸಿ, ಹಾಲುಗೂಸು ಪಂಕಜಳ ಜೊತೆಗೆ ತಮ್ಮನ ಮನೆಗೆ ಕಳಿಸಿದರು. ನಮ್ಮ ಮನೆಯಲ್ಲಿ ಯಾರೂ ಅವಳನ್ನು ಕೆಟ್ಟದಾಗಿ ನಡೆಸಿಕೊಳ್ಳಲಿಲ್ಲ. ಆದರೂ ಯಾರಾದರೂ ಊರಿಗೆ ಹೊರಟರೆ ಅವಳೇ ಅಡಿಗೆಮನೆಗೆ ಸರಿದು ಬಾಗಿಲ ಹಿಂದೆ ನಿಲ್ಲುತ್ತಿದ್ದಳು. ಹೊರಟವರಿಗೆ ತನ್ನ ಮುಖ ಎದುರಾಗಬಾರದು ಎಂದು. ನನ್ನ ತಂದೆ ನೂರು ಸಲ ಹೇಳಿದರು, ಅವಳು ಕೇಳಲಿಲ್ಲ. ಹೊರಟವರಿಗೆ ದಾರಿಯಲ್ಲಿ ಮುಳ್ಳು ಚುಚ್ಚಿದರೂ ನನ್ನ ತಲೆಗೆ ಕಟ್ಟುತ್ತಾರೆ, ಯಾಕೆ ಬೇಕು ಎನ್ನುತ್ತಿದ್ದಳು.

ಪಂಕಜ ಮೈಸೂರಿನಲ್ಲಿ ಬಿ.ಎ. ಮುಗಿಸಿ ಹೆಣ್ಣುಮಕ್ಕಳ ಸ್ಕೂಲೊಂದರಲ್ಲಿ ಪಾಠ ಹೇಳುತ್ತಿದ್ದಳು. ಮದುವೆಯ ಮಾತು ತೆಗೆದವರನ್ನೆಲ್ಲ ಅತ್ತೆಯೇ ಕಾಫಿ ಕೊಟ್ಟು ಸಾಗಹಾಕುತ್ತಿದ್ದಳು. ಸಾವಿರದ ಒಂಬೈನೂರ ಮೂವತ್ತೊಂದರ ಯುಗಾದಿಯ ಹೊತ್ತಿಗೆ ಪಂಕಜಳಿಗೆ ಲಂಡನ್ನಿನಲ್ಲಿ ಉಪಾಧ್ಯಾಯರ ತರಬೇತಿಗೆ ಜಾಗ ಸಿಕ್ಕಿತು. ಹೊರಡಬೇಕಾದದ್ದು ಮಾರನೆಯ ವರ್ಷದ ಮಳೆಗಾಲದಲ್ಲಿ. ಓದಿನ ಖರ್ಚಿಗೆ ವಿದ್ಯಾರ್ಥಿವೇತನ ಇತ್ತು. ಹಡಗಿನ ಖರ್ಚು, ಅಲ್ಲಿ ಇಳಿದ ಮೇಲೆ ಮೊದಲ ತಿಂಗಳುಗಳ ಊಟ ವಸತಿ ಮಾತ್ರ ನಮ್ಮ ಪಾಲಿಗೆ. ಅದಕ್ಕೆ ದಾರಿಯಿಲ್ಲವೆಂದು ತಿಳಿಸಿದರೆ ಜಾಗ ಬೇರೆಯವರಿಗೆ.

ಮಳವಳ್ಳಿಯ ಮೈದುನಂದಿರು ವರ್ಷಗಟ್ಟಲೆ ಸತಾಯಿಸಿ ಕೊಟ್ಟ ಪಾಲಿನ ಹಣ ಅತ್ತೆಯ ಹತ್ತಿರ ಇತ್ತು. ನನ್ನ ತಂದೆ ಮೈಸೂರಿಗೆ ಹೋಗಿ, ಅದಕ್ಕೆ ಎಷ್ಟು ಪೌಂಡು ಬರುತ್ತದೆಂದು ಬ್ಯಾಂಕಿನಲ್ಲಿ ವಿಚಾರಿಸಿ, ಮುಖ ಸಪ್ಪೆ ಮಾಡಿಕೊಂಡು ಬಂದರು. ಒಂದು ಪೌಂಡಿಗೆ ಹದಿಮೂರು ರೂಪಾಯಿ, ಮೇಲೆ ಚಿಲ್ಲರೆ, ಅದರ ಮೇಲೆ ಬ್ಯಾಂಕಿನ ಕೂಲಿ. ಸಾಲುವುದಿಲ್ಲ.

ಆಗ ಬಂದವಳು ಕೊಪ್ಪದ ದೇವಿರಮ್ಮ. ಜಮೀನುದಾರರ ಮನೆಯ ಸೊಸೆ. ಸಂತೆಗೆ ಬಂದಾಗಲೆಲ್ಲ ನಮ್ಮ ಜಗಲಿಯಲ್ಲಿ ಕೂತು ನೀರು ಕುಡಿದು ಹೋಗುವಳು. ಹಿಂದೊಮ್ಮೆ ಅವಳ ಕೂಸಿಗೆ ಅತ್ತೆ ಕಷಾಯ ಮಾಡಿ ಕೊಟ್ಟಿದ್ದಳು. ಕೂಸು ಉಳಿಯಲಿಲ್ಲ, ಸ್ನೇಹ ಉಳಿಯಿತು. ಆವತ್ತು ದೇವಿರಮ್ಮ ಅತ್ತುಕೊಂಡೇ ಬಂದಳು. ಮಡಿಲಲ್ಲಿದ್ದ ಗಂಟು ಬಿಚ್ಚಿದರೆ ಒಂದು ಹಿಡಿ ಚಿನ್ನದ ಪೌನು.

"ನಮ್ಮವ್ವ ಕೊಟ್ಟಿದ್ದು ಅಮ್ನೋರೆ. ಮದ್ವೇಲಿ ಯಾರೂ ತಿರುಗ್ಸಿ ನೋಡ್ಲಿಲ್ಲ. ಆಮ್ಯಾಕೆ ನೋಡುದ್ರೆ ಎಲ್ಲಾ ಮುಸುಕಿನ ರಾಣಿ ಕಾಸು. ಎರಡು ಕೂಸು ಸತ್ತೋದ್ವಲ್ಲ, ಇದ್ರಿಂದ್ಲೇ ಅಂತದೆ ನಮ್ಮತ್ತೆ. ಇನ್ನು ಮನೇಲಿದ್ರೆ ನನ್ ಮಗನ್ನೂ ನುಂಗ್ತದೆ ಅಂತ ದಿನಾ ಬಯ್ತದೆ. ಆಚಾರಿತಾವ ತಕಂಡೋದ್ರೆ ಅವ್ನು ಮೂಗು ಮುರೀತಾನೆ."

ನಮ್ಮ ಕಡೆಯ ಈ ಹುಚ್ಚನ್ನು ಸ್ವಲ್ಪ ಹೇಳಬೇಕು. ಪೌನೆಂದರೆ ಇಂಗ್ಲೆಂಡಿನ ಚಿನ್ನದ ನಾಣ್ಯ. ಹೆಂಗಸರು ಅದನ್ನು ಸರಕ್ಕೆ ಪೋಣಿಸುವರು. ರಾಜನ ತಲೆಯ ಪೌನಾದರೆ ಕೊರಳಿಗೆ ಲಕ್ಷಣ. ಆದರೆ ಮುದಿ ರಾಣಿ ತಲೆಯ ಮೇಲೆ ಮುಸುಕು ಹೊದ್ದಿರುವ ಪೌನು ಒಂದಿತ್ತು. ಗಂಡ ಸತ್ತವಳು, ಅದಕ್ಕೇ ಮುಸುಕು ಎಂದು ಯಾರೋ ಹೇಳಿದರು, ಸುತ್ತ ಹತ್ತು ಹಳ್ಳಿಗೆ ಅದು ಮುಂಡೆ ಕಾಸಾಯಿತು. ಮುತ್ತೈದೆಯರು ಮುಟ್ಟುವುದಿಲ್ಲ. ಆಚಾರಿಗಳು ಆ ಹೆದರಿಕೆಯನ್ನು ಚೆನ್ನಾಗಿ ಕಾಸು ಮಾಡಿಕೊಂಡರು. ಚಿನ್ನ ಅದೇ, ತೂಕ ಅದೇ, ಕೊಡುವುದು ಮಾತ್ರ ಹನ್ನೊಂದೂವರೆ ರೂಪಾಯಿ. ಆ ರಾಣಿ ನಮ್ಮ ದೇಶವನ್ನೆಲ್ಲ ಆಳಿದಳು, ನಮ್ಮ ಹೆಂಗಸರ ಬಾಯಲ್ಲಿ ಮಾತ್ರ ಬಚಾವಾಗಲಿಲ್ಲ.

ಅತ್ತೆ ಒಂದು ಪೌನನ್ನು ಕೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ತಂದೆಯನ್ನು ಕರೆದು ಕೇಳಿದಳು.

"ವರದ, ಲಂಡನ್ನಿನಲ್ಲಿ ಈ ಮುಸುಕಿಗೆ ಬೇರೆ ರೇಟು, ರಾಜನಿಗೆ ಬೇರೆ ರೇಟು ಇದೆಯೇನೋ?"

"ಎಲ್ಲಾದರೂ ಉಂಟೆ? ಅಲ್ಲಿ ಎಲ್ಲವೂ ಒಂದೊಂದು ಪೌಂಡೇ."

"ಹಾಗಾದರೆ ನಮ್ಮ ಪಂಕಜ ಇದನ್ನೇ ತೆಗೆದುಕೊಂಡು ಹೋಗಲಿ."

ಆಚಾರಿ ಹೇಳಿದ್ದಕ್ಕಿಂತ ಎಂಟಾಣೆ ಹೆಚ್ಚಾಗಿಯೇ ಕೊಟ್ಟು ದೇವಿರಮ್ಮನ ಗಂಟನ್ನು ಕೊಂಡಳು. ಒಂದೊಂದು ಪೌನಿಗೂ ಬ್ಯಾಂಕಿಗಿಂತ ಒಂದು ರೂಪಾಯಿಗೂ ಮೇಲೆ ಉಳಿತಾಯ. ಸುದ್ದಿ ಹರಡಿತು. ಗೆಜ್ಜಲಗೆರೆಯಿಂದ, ಕೊಪ್ಪದಿಂದ, ಆಚೆ ಬಂಡೂರಿನಿಂದಲೂ ಹೆಂಗಸರು ಸೆರಗಿನಲ್ಲಿ ಒಂದೊ ಎರಡೊ ಕಟ್ಟಿಕೊಂಡು ಬಂದರು. ಬಂದವರು ಅತ್ತೆಯ ಮುಖಕ್ಕೇ ಹೇಳುತ್ತಿದ್ದರು: "ನಿಮ್ಗೇನು ಬುಡಿ ಅಮ್ನೋರೆ, ಇದು ಇನ್ನೇನ್ ಮಾಡಾದು ನಿಮ್ಗೆ!"

ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ದಿನ ತಡೆಯಲಾರದೆ, ಇವರ ಬಾಯಿ ಮುಚ್ಚಿಸಬಾರದೇ ಎಂದೆ. ಅತ್ತೆ ನಕ್ಕಳು.

"ನನ್ನ ಬೋಳುತಲೆಯಿಂದ ಮಗಳು ಹಡಗು ಹತ್ತುವುದಾದರೆ ಇನ್ನೊಂದು ಸಲ ಬೋಳಿಸಲಿ ಕಣೇ. ಇಷ್ಟು ವರ್ಷಕ್ಕೆ ಅದರಿಂದ ಒಂದು ಉಪಯೋಗವಾಯಿತಲ್ಲ!"

ಆ ಬೇಸಿಗೆಯಷ್ಟು ಗೆಲುವಾಗಿ ನಾನು ಅವಳನ್ನು ಎಂದೂ ಕಂಡಿರಲಿಲ್ಲ. ಪೌನುಗಳನ್ನು ಹುಣಿಸೆಹಣ್ಣು ಹಾಕಿ ಉಜ್ಜಿ ತೊಳೆದು, ಉಪ್ಪಿನ ಮರಿಗೆಯ ತಳದಲ್ಲಿ ಬಟ್ಟೆ ಸುತ್ತಿ ಇಡುತ್ತಿದ್ದಳು. ಮಹಾಲಯದ ಹೊತ್ತಿಗೆ ಪಂಕಜಳ ಪ್ರಯಾಣಕ್ಕೆ ಬೇಕಾದದ್ದು ಪೂರಾ ಕೂಡಿತು. ಮದ್ದೂರಿನ ಮರಿಗೆಯೊಳಗೆ ಲಂಡನ್ನಿನ ದುಡ್ಡು ಎಂದು ನನ್ನ ತಂದೆ ತಮಾಷೆ ಮಾಡುತ್ತಿದ್ದರು.

ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ಏನೋ ಆಯಿತು. ಇನ್ನು ಮೇಲೆ ಕಾಗದದ ನೋಟಿಗೆ ಚಿನ್ನ ಕೊಡುವುದಿಲ್ಲ ಎಂದು ಅಲ್ಲಿಯ ಸರ್ಕಾರ ಹೇಳಿತಂತೆ. ಪತ್ರಿಕೆ ಓದಿ ನನ್ನ ತಂದೆ ನಮಗೆ ವಿವರಿಸಿದರು. ನಮಗೆ ತಿಳಿದದ್ದು ಇಷ್ಟೆ: ಕಾಗದದ ಪೌಂಡು ಇದ್ದಲ್ಲೇ ಇತ್ತು, ಚಿನ್ನದ ಪೌನು ಮೇಲಕ್ಕೆ ಹಾರಿತು. ದೀಪಾವಳಿಗೆ ಹದಿನಾರು ದಾಟಿತು. ಬೊಂಬಾಯಿಯ ಸಾಹುಕಾರರ ಕಡೆಯವರು ಮಂಡ್ಯದಲ್ಲಿ ಅಂಗಡಿ ಹಿಡಿದು ಕೂತು, ಯಾವ ತಲೆ ಎಂದು ನೋಡದೆ ಕೊಳ್ಳತೊಡಗಿದರು. ಮುಸುಕಿನ ರಾಣಿಯ ದೋಷ ಒಂದೇ ವಾರದಲ್ಲಿ ಕಳೆದುಹೋಯಿತು. ಹನ್ನೊಂದೂವರೆಗೆ ಇದ್ದ ದೋಷ ಹದಿನಾರಕ್ಕೆ ಇರುವುದಿಲ್ಲ ನೋಡಿ!

ಮೊದಲು ಬಂದವಳು ದೇವಿರಮ್ಮನ ಅತ್ತೆ ಚಿಕ್ಕಬೋರಮ್ಮ, ಜೊತೆಗೆ ಮಗ, ದೇವಿರಮ್ಮನ ಗಂಡ ಶಿವಣ್ಣ. ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು.

"ಓದ್ಕೊಂಡೋರ ಮನೆ ಅಂತ ನಂಬುದ್ರೆ ನಮ್ಮ ತಲೆ ಒಡುದ್ರಲ್ಲ! ಲಂಡನ್ನಾಗೆ ರೇಟು ಏರ್ತದೆ ಅಂತ ಮೊದ್ಲೇ ಗೊತ್ತಿತ್ತು ನಿಮ್ಗೆ. ಏನೂ ಅರೀದ ಸೊಸೇನ ಪುಸಲಾಯ್ಸಿ ಕಿತ್ಕೊಂಡ್ರಿ."

ನನ್ನ ತಂದೆಗೆ ರೇಗಿತು. "ಮಾರಿದ್ದು ಮಾರಿದ್ದೇ. ಮನೆಯಲ್ಲಿದ್ದರೆ ಮಗನನ್ನು ನುಂಗುತ್ತದೆ ಎಂದವರು ಯಾರಮ್ಮ?" ಎಂದರು.

"ಅದು ಆವಾಗ ಕಣಪ್ಪ!" ಎಂದಳು ಮುದುಕಿ, ಒಂದಿಷ್ಟೂ ನಾಚದೆ.

ಶಿವಣ್ಣ ತಲೆ ತಗ್ಗಿಸಿಕೊಂಡು ನಿಂತಿದ್ದ. ದೇವಿರಮ್ಮ ಹಿಂದೆ ಗಾಡಿಯ ಹತ್ತಿರ ನಿಂತಿದ್ದಳು. ಅವಳ ಎಡಗೆನ್ನೆ ಊದಿತ್ತು. ಅತ್ತೆ ಬಾಗಿಲ ಸಂದಿಯಿಂದ ಅದನ್ನು ನೋಡಿದಳು. ಒಳಗೆ ಹೋಗಿ ಮರಿಗೆಗೆ ಕೈ ಹಾಕಿದಳು.

"ಅಕ್ಕ, ಬೇಡ. ಇದು ಪಂಕಜಳ ಬದುಕು," ಎಂದರು ನನ್ನ ತಂದೆ.

"ಗೊತ್ತು. ಇದಕ್ಕೋಸ್ಕರ ದೇವಿರಮ್ಮ ದಿನಾ ಏಟು ತಿನ್ನಬೇಕೇನೋ?"

ಕೊಟ್ಟ ಬೆಲೆಯನ್ನೇ ವಾಪಸು ಪಡೆದು ಗಂಟನ್ನು ಹಿಂತಿರುಗಿಸಿದಳು. ಒಬ್ಬರಿಗೆ ಕೊಟ್ಟ ಮೇಲೆ ಇನ್ನೊಬ್ಬರಿಗೆ ಇಲ್ಲ ಎನ್ನುವುದು ಹೇಗೆ? ಬಂದವರಿಗೆಲ್ಲ ಕೊಟ್ಟಳು. ಬಾರದೆ ಉಳಿದವರ ಪೌನು ಐದರಲ್ಲಿ ಒಂದು ಪಾಲು ಇರಬಹುದು. ವಾಪಸು ಬಂದ ರೂಪಾಯಿಗೆ ಈಗ ಬ್ಯಾಂಕಿನ ದುಬಾರಿ ಪೌಂಡೇ ಗತಿ. ಎರಡೂ ಸೇರಿಸಿದರೂ ಸಾಲುತ್ತಿರಲಿಲ್ಲ. ಸಂಕ್ರಾಂತಿಗೆ ಬಂದ ಪಂಕಜ ವಿಷಯ ಕೇಳಿ ಊಟಕ್ಕೆ ಏಳಲಿಲ್ಲ. "ನೀನು ಒಳ್ಳೆಯವಳು ಅನ್ನಿಸಿಕೊಳ್ಳುವುದಕ್ಕೆ ನನ್ನನ್ನು ಮಾರಿಬಿಟ್ಟೆಯಲ್ಲಮ್ಮ," ಎಂದಳು. ಆ ಮಾತನ್ನು ಅತ್ತೆ ಕೊನೆಯವರೆಗೂ ಮರೆಯಲಿಲ್ಲ. ಅವತ್ತಿನಿಂದ ದೇವರ ಮುಂದೆ ಕೂರುವ ಹೊತ್ತು ಹೆಚ್ಚಾಯಿತು. ಏನು ಬೇಡುತ್ತೀ ಎಂದರೆ ಹೇಳುತ್ತಿರಲಿಲ್ಲ.

ಆ ವರ್ಷ ನಮ್ಮ ಕಡೆ ನಾಲೆಯ ಕೆಲಸ ನಡೆಯುತ್ತಿತ್ತು. ಅಗೆದ ಗುಂಡಿಗಳಲ್ಲೆಲ್ಲ ನೀರು ನಿಂತು ಸೊಳ್ಳೆ ಹುಟ್ಟಿ, ಹಳ್ಳಿಹಳ್ಳಿಗೂ ಚಳಿಜ್ವರ ಹತ್ತಿತು. ಬೇಸಿಗೆಯಲ್ಲಿ ಶಿವಣ್ಣ ಮಲಗಿದ. ಕ್ವಿನೈನು ತಂದುಕೊಡುವ ಹೊತ್ತಿಗೆ ಬಾಯಿಗೆ ನೀರೂ ಇಳಿಯುತ್ತಿರಲಿಲ್ಲವಂತೆ. ಹೋಗಿಬಿಟ್ಟ. ಅದೇ ವಾರ ಕೊಪ್ಪದಲ್ಲಿ ಇನ್ನೂ ನಾಲ್ಕಾರು ಮನೆಯಲ್ಲಿ ಸಾವಾಯಿತು, ಆ ಮನೆಗಳಲ್ಲಿ ಯಾವ ಕಾಸೂ ಇರಲಿಲ್ಲ. ಚಿಕ್ಕಬೋರಮ್ಮನಿಗೆ ಅದು ಯಾಕೆ ಬೇಕು? ಮುಂಡೆ ಕಾಸನ್ನು ಮುಂಡೆಯೇ ತನ್ನ ಕೈಯಾರೆ ವಾಪಸು ಕೊಟ್ಟಳು, ಮಂತ್ರಿಸಿ ಕೊಟ್ಟಳು, ನನ್ನ ಮಗನನ್ನು ತಿಂದಳು ಎಂದು ಎದೆ ಬಡಿದುಕೊಂಡಳು. ಮದ್ದೂರಿನ ಬೀದಿಯಲ್ಲೂ ಅದೇ ಮಾತು. ಕಿತ್ತುಕೊಂಡು ಹೋದವಳೇ ಹೀಗೆ ಅಂದಳಲ್ಲ ಎಂದು ನಾನು ಕಂಡವರ ಹತ್ತಿರವೆಲ್ಲ ಜಗಳಾಡಿದೆ. ಅತ್ತೆ ಮಾತ್ರ ಜಗಳಾಡಲಿಲ್ಲ. ಅಡಿಗೆಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಳು.

ಪಂಕಜ ತನ್ನ ಜಾಗ ಬಿಡುತ್ತೇನೆಂದು ಲಂಡನ್ನಿಗೆ ಬರೆಯಬೇಕಾದ ಗಡುವು ಹತ್ತಿರವಾಗಿತ್ತು. ಒಂದು ಮಧ್ಯಾಹ್ನ ಹಿತ್ತಿಲ ಬಾಗಿಲಲ್ಲಿ ಯಾರೋ ನಿಂತ ಹಾಗಾಯಿತು. ದೇವಿರಮ್ಮ! ಯಾವಾಗಲೂ ಮುಂಬಾಗಿಲಿಗೆ ಬರುತ್ತಿದ್ದವಳು. ಬಳೆಯಿಲ್ಲದ ಕೈ, ಬರಿಹಣೆ. ಅವಳು ಒಳಗೆ ಬಂದು ಅದೇ ಗಂಟನ್ನು ಅತ್ತೆಯ ಮುಂದೆ ಇಟ್ಟಳು.

"ತಕಳಿ ಅಮ್ನೋರೆ. ಇದ ಮನೇಲಿ ಮಡಗಬ್ಯಾಡ, ಬಾವಿಗಾದ್ರೂ ಎಸಿ ಅಂತದೆ ನಮ್ಮತ್ತೆ. ನಿಮ್ ಮಗ್ಳು ಓಗ್ಲಿ."

ಅತ್ತೆ ಕೈ ಚಾಚಲಿಲ್ಲ.

"ನಾನು ಮುಟ್ಟಲಾರೆ ದೇವಿರಮ್ಮ. ಈ ಕಾಸು ಹೇಗಾದರೂ ನನ್ನ ಕೈಗೆ ಮತ್ತೆ ಬರಲಿ ಎಂದು ದಿನಾ ದೇವರನ್ನು ಬೇಡಿದೆ. ಹೀಗೆ ಬರಲಿ ಎಂದು ಬೇಡಲಿಲ್ಲ. ಆಣೆಯಾಗಿಯೂ ಬೇಡಲಿಲ್ಲ."

ಅಲ್ಲಿಯವರೆಗೆ ಊರವರ ದೋಷದ ಮಾತಿಗೆ ನಗುತ್ತಿದ್ದವಳು ನಮ್ಮ ಅತ್ತೆ. ಆ ನಗುವನ್ನೂ ಈ ಜನ ಅವಳಿಂದ ಕಿತ್ತುಕೊಂಡುಬಿಟ್ಟರಲ್ಲ ಎಂದು ನನಗೆ ಅಳು ಬಂತು.

ದೇವಿರಮ್ಮ ಅವಳ ಎದುರು ಕುಕ್ಕರಿಸಿದಳು. "ನಾನೂ ಬೇಡಿದ್ದೆ ಕಣಮ್ಮ, ನನ್ ಗಂಡ ಉಳೀಲಿ ಅಂತ. ನನ್ ಮಾತ್ನೇ ಕೇಳ್ದಿದ್ ದ್ಯಾವ್ರು ನಿಮ್ ಮಾತ ಕೇಳ್ತಾನಾ? ಸುಮ್ಕೆ ತಕಳಿ. ಇನ್ನು ನಂಗೆ ಇದು ಏನ್ ಮಾಡಾದು?"

ಪೌನು ಮಾರಲು ಬಂದ ಹೆಂಗಸರು ಅತ್ತೆಗೆ ಹೇಳುತ್ತಿದ್ದ ಮಾತು ಅದೇ. ಈಗ ದೇವಿರಮ್ಮ ತನಗೆ ತಾನೇ ಹೇಳಿಕೊಂಡಳು. ಅತ್ತೆ ಅವಳ ಕೈ ಹಿಡಿದುಕೊಂಡಳು. ಪೇಟೆಯ ಈಗಿನ ಬೆಲೆ ಕೊಡುತ್ತೇನೆ ಎಂದರೆ ದೇವಿರಮ್ಮ ಒಪ್ಪಲಿಲ್ಲ. ಮೊದಲು ಕೊಟ್ಟಷ್ಟನ್ನೇ ತೆಗೆದುಕೊಂಡು, ಬಂದ ದಾರಿಯಲ್ಲೇ ಹೋದಳು.

ಆ ಗಂಟು ಸೇರಿದ್ದರಿಂದ ಹಣ ಸಾಲುವಷ್ಟಾಯಿತು, ಪಂಕಜ ಹೊರಟಳು. ಅತ್ತೆಯೇ ಹೊಲಿದ ಬಟ್ಟೆಯ ಪಟ್ಟಿಯಲ್ಲಿ ಪೌನುಗಳನ್ನು ಸೊಂಟಕ್ಕೆ ಕಟ್ಟಿಕೊಂಡಳು. ರೈಲಿಗೆ ಹೊರಡುವ ಹೊತ್ತಿನಲ್ಲಿ ಅತ್ತೆ ಎಂದಿನ ಹಾಗೆ ಬಾಗಿಲ ಹಿಂದೆ ನಿಂತಳು. ಪಂಕಜ ಒಳಗೆ ಹೋಗಿ ಎಳೆದರೂ ಈಚೆ ಬರಲಿಲ್ಲ. ಕೊನೆಗೆ ಮಗಳು ಅಡಿಗೆಮನೆಯಲ್ಲೇ ಕಾಲಿಗೆ ಬಿದ್ದು ಹೋದಳು.

ಕಾರ್ತಿಕದ ಹೊತ್ತಿಗೆ ಅವಳ ಕಾಗದ ಬಂತು. ಎಲ್ಲವೂ ಕ್ಷೇಮ. ಬ್ಯಾಂಕಿನವನು ಪೌನುಗಳನ್ನು ತಕ್ಕಡಿಗೆ ಸುರಿದು ತೂಗಿ, ಪೌನಿಗೆ ಒಂದು ಪೌಂಡಿಗಿಂತ ಹೆಚ್ಚೇ ಕೊಟ್ಟನಂತೆ. ಒಂದನ್ನಾದರೂ ತಿರುಗಿಸಿ ಯಾವ ತಲೆ ಎಂದು ನೋಡಲಿಲ್ಲವಂತೆ.

ಅತ್ತೆ ನನ್ನ ಕೈಯಲ್ಲಿ ಅದನ್ನು ಎರಡು ಸಲ ಓದಿಸಿದಳು. ಮಾರನೆಯ ದಿನ ಗಾಡಿ ಮಾಡಿಸಿ, ನನ್ನನ್ನು ಜೊತೆಗೆ ಕರೆದುಕೊಂಡು ಕೊಪ್ಪಕ್ಕೆ ಹೊರಟಳು. ಅವಳು ಹಾಗೆ ಬೆಳಗಿನ ಹೊತ್ತು ನಡುಬೀದಿಯಲ್ಲಿ ಹೋದದ್ದನ್ನು ನಾನು ನೋಡಿದ್ದು ಅದೇ ಮೊದಲು. ದೇವಿರಮ್ಮ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ಅತ್ತೆ ಅಲ್ಲೇ ನಿಂತು ಎಲ್ಲವನ್ನೂ ಹೇಳಿದಳು.

"ಅಲ್ಲೀ ಜನ ರಾಣಿ ಮುಸುಕು ನೋಡಾಕೇ ಇಲ್ವ ಅಮ್ನೋರೆ?"

"ಇಲ್ಲವಂತೆ."

"ದೋಸ ಗೀಸ ಏನೂ ಅನ್ನಾಕಿಲ್ವ?"

"ಏನೂ ಇಲ್ಲವಂತೆ ಕಣಮ್ಮ."

ದೇವಿರಮ್ಮ ಕೈಯಲ್ಲಿದ್ದ ಪೊರಕೆಯನ್ನು ಕೆಳಗಿಟ್ಟಳು. "ಮತ್ತೆ ನಾನು ಈ ಕೊಟ್ಟಿಗೇಲೇ ಯಾಕ್ ಮಲೀಕಬೇಕು?" ಎಂದು ಕೇಳಿದಳು. ಆಗಲೇ ನನ್ನ ಕಣ್ಣಿಗೆ ಬಿತ್ತು, ಮೂಲೆಯಲ್ಲಿ ಸುತ್ತಿಟ್ಟ ಅವಳ ಚಾಪೆ. ಅತ್ತೆ ಆ ಚಾಪೆಯನ್ನು ತಾನೇ ಎತ್ತಿಕೊಂಡು, "ಎದ್ದೇಳು, ಗಾಡಿ ಹತ್ತು," ಎಂದಳು.